ಹೊಲಿಗೆ ಕೀವಾದರೆ ಮೊದಲು ಕೇಳಬೇಕಾದ್ದು ಕೇಸ್ ಶೀಟ್

ಸಿಸೇರಿಯನ್ ಆಗಿ ಮನೆಗೆ ಬಂದ ಬಾಣಂತಿಯ ಹೊಲಿಗೆ ಕೆಂಪಾಗಿ ಕೀವು ಕಟ್ಟಿದರೆ, ಡಾಕ್ಟರು ಏನೋ ಎಡವಟ್ಟು ಮಾಡಿದ್ದಾರೆಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಕಾನೂನು ಅಷ್ಟು ಬೇಗ ತೀರ್ಮಾನಿಸುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತಹೀನತೆ, ಬೊಜ್ಜು, ನೀರು ಒಡೆದ ಮೇಲೆ ಗಂಟೆಗಟ್ಟಲೆ ಎಳೆದ ನೋವು ಇವುಗಳಲ್ಲಿ ಯಾವುದಿದ್ದರೂ ಎಷ್ಟೇ ಎಚ್ಚರ ವಹಿಸಿದ ಕಡೆಯೂ ಸೋಂಕು ತಗಲಬಹುದು. ಚಿಕಿತ್ಸೆಯಿಂದ ಬಯಸಿದ ಫಲ ಸಿಗದಿದ್ದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗದು ಎಂಬುದು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನಿಲುವು. ಸಾಮಾನ್ಯ ನೈಪುಣ್ಯವುಳ್ಳ ವೈದ್ಯರು ಮಾಡಬೇಕಾದ್ದನ್ನು ಮಾಡಿದ್ದರೇ ಎಂದಷ್ಟೇ ಕೋರ್ಟು ನೋಡುತ್ತದೆ. ಅದಕ್ಕೆ ಉತ್ತರ ಸಿಗುವುದು ಕಡತದಲ್ಲಿ.

ಮಾಡಬೇಕಾದ್ದೇನು ಎಂಬುದರಲ್ಲಿ ಗುಟ್ಟಿಲ್ಲ. ಚರ್ಮ ಕೊಯ್ಯುವ ಮುನ್ನವೇ ಆಂಟಿಬಯಾಟಿಕ್ ಕೊಡಬೇಕು, ಚರ್ಮವನ್ನು ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ನಿಂದ ಶುಚಿ ಮಾಡಬೇಕು, ಕೂದಲನ್ನು ಬ್ಲೇಡಿನಿಂದ ಬೋಳಿಸಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚುಚ್ಚುಮದ್ದು ಕೊಟ್ಟ ಹೊತ್ತು, ಕೊಯ್ದ ಹೊತ್ತು ಎರಡೂ ಕೇಸ್ ಶೀಟ್ ಮತ್ತು ಅರಿವಳಿಕೆ ಚಾರ್ಟಿನಲ್ಲಿರಬೇಕು. ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿಯಂತೆ ರೋಗಿ ಕೇಳಿದರೆ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು. ಒಳರೋಗಿಯ ದಾಖಲೆಗಳನ್ನು 3 ವರ್ಷ ಕಾಪಾಡಬೇಕು. ಬಾಯಿಮಾತಿನಲ್ಲಿ ಕೇಳಿದ್ದು ಕೇಳಿದಂತಲ್ಲ: ಅರ್ಜಿ ಬರೆದುಕೊಟ್ಟು, ಪ್ರತಿಯ ಮೇಲೆ ದಿನಾಂಕ ಸಹಿತ ಸೀಲು ಹಾಕಿಸಿಕೊಳ್ಳಿ. ಇದರಿಂದ ವೈದ್ಯರು ಬೆದರುತ್ತಾರೆ ಎಂಬ ಆಕ್ಷೇಪವಿದೆ. ನಿಯಮದಂತೆ ನಡೆದುಕೊಂಡ ವೈದ್ಯರನ್ನು ಕಾಯುವುದೂ ಅದೇ ಕಡತವಲ್ಲವೇ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಆಸ್ಪತ್ರೆಯವರದು: ‘ಇಲ್ಲಿಂದ ಹೋಗುವಾಗ ಗಾಯ ಚೆನ್ನಾಗಿತ್ತು, ಮನೆಯಲ್ಲಿ ಎಣ್ಣೆ, ಅರಿಶಿನ ಹಚ್ಚಿದ್ದಾರೆ.’ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಬಾಣಂತನ ಇಂದಿಗೂ ಹಿರಿಯರ ಕೈಯಲ್ಲೇ ಇರುವುದರಿಂದ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಆಪರೇಷನ್ ಆದ 30 ದಿನದೊಳಗೆ ಕಾಣಿಸಿದ ಸೋಂಕನ್ನೂ ಶಸ್ತ್ರಚಿಕಿತ್ಸೆಯ ಸೋಂಕೆಂದೇ ವೈದ್ಯಶಾಸ್ತ್ರ ಎಣಿಸುತ್ತದೆ. ಹೆಚ್ಚಿನವು ತಲೆದೋರುವುದೂ ಮನೆಗೆ ಹೋದ ಮೇಲೆಯೇ. ಆದ್ದರಿಂದ ಗಾಯದ ಆರೈಕೆ ಹೇಗೆ, ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು ಎಂಬುದು ಡಿಸ್ಚಾರ್ಜ್ ಸಮ್ಮರಿಯಲ್ಲಿ, ಆಕೆಗೆ ತಿಳಿಯುವ ಭಾಷೆಯಲ್ಲಿ ಇತ್ತೇ ಎಂದು ನೋಡಿ. ಗಾಯದ ಫೋಟೊ, ಕೀವಿನ ಕಲ್ಚರ್ ವರದಿ, ಮರುಭೇಟಿಯ ಚೀಟಿ ಎತ್ತಿಡಿ.

ಖಾಸಗಿ ನರ್ಸಿಂಗ್ ಹೋಮಿನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2 ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಆಸ್ಪತ್ರೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವೃತ್ತಿ ನಡತೆಯ ದೂರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿದೆ. 1935ರಿಂದ ನಡೆಯುತ್ತಿರುವ ವಾಣಿ ವಿಲಾಸ, ಮಲ್ಲೇಶ್ವರದ ಕೆ.ಸಿ. ಜನರಲ್‌ನಂಥ ಸರ್ಕಾರಿ ಆಸ್ಪತ್ರೆಗಳ ಮಾತು ಬೇರೆ. ಯಾರಿಂದಲೂ ಹಣ ಪಡೆಯದ ಆಸ್ಪತ್ರೆ ಗ್ರಾಹಕ ಕಾನೂನಿಗೆ ಒಳಪಡದು, ಕೆಲವರಿಂದ ಪಡೆದರೆ ಉಚಿತ ರೋಗಿಯೂ ಗ್ರಾಹಕರೇ ಎಂದು 1995ರ ವಿ.ಪಿ. ಶಾಂತಾ ತೀರ್ಪು ಹೇಳಿದೆ. ಸರ್ಕಾರಿ ಆಸ್ಪತ್ರೆಯ ಸಿಸೇರಿಯನ್, ಔಷಧ, ಪರೀಕ್ಷೆಗಳು 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಅಲ್ಲಿ ದಾಖಲೆ ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಕೇಳಬಹುದು, ಉತ್ತರಿಸಲು ಅವರಿಗೆ 30 ದಿನದ ಗಡುವಿದೆ. ಸಿಟ್ಟಿನಲ್ಲಿ ಮೊದಲು ಪೊಲೀಸ್ ಠಾಣೆಗೆ ಓಡುವವರು ಒಂದು ತಿಳಿದಿರಬೇಕು: ಕ್ರಿಮಿನಲ್ ಪ್ರಕರಣಕ್ಕೆ ಘೋರ ನಿರ್ಲಕ್ಷ್ಯವನ್ನೇ ತೋರಿಸಬೇಕು, ಮತ್ತು ಠಾಣೆಗೆ ಅಲೆದು ಕಳೆದ ತಿಂಗಳುಗಳೂ ಆ 2 ವರ್ಷದ ಲೆಕ್ಕದಲ್ಲೇ ಕರಗುತ್ತವೆ.