ಗೃಹಶ್ರವಣಕ್ಕೆ ಯಾವುದು ಯುಕ್ತ: ರಿಸೀವರೋ, ಬಿಡಿ ಯಂತ್ರಗಳೋ?

ವಚನವನ್ನು ಕಣ್ಣಿನಿಂದ ಓದಿದವನಿಗಿಂತ ಮಲ್ಲಿಕಾರ್ಜುನ ಮನ್ಸೂರರ (1910–1992) ಕಂಠದಲ್ಲಿ ಕೇಳಿದವನಿಗೆ ಅದರ ಭಾವವು ಬೇಗನೆ ನಾಟುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಎಷ್ಟೋ ಮನೆಗಳಲ್ಲಿ ಹಿರಿಯರು ಕೂಡಿಟ್ಟ ಗ್ರಾಮಫೋನ್ ತಟ್ಟೆಗಳೂ ಕ್ಯಾಸೆಟ್ಟುಗಳೂ ಕಪಾಟಿನಲ್ಲಿ ಮೌನವಾಗಿವೆ. ಅವು ಹಾಳಾಗುವ ಮುನ್ನ ಮಕ್ಕಳ ಕಿವಿಗೆ ಮುಟ್ಟಬೇಕೆಂದು ಬಯಸುವ ಗೃಹಸ್ಥನು ಎದುರಿಸುವ ಮೊದಲ ಪ್ರಶ್ನೆಯೇ ಇದು.

ಮೊದಲು ಲಕ್ಷಣವನ್ನು ತಿಳಿಯಬೇಕು. ಧ್ವನಿವ್ಯವಸ್ಥೆಯಲ್ಲಿ ಮೂರು ಕಾರ್ಯಗಳುಂಟು. ಟ್ಯೂನರ್ ಆಕಾಶವಾಣಿಯ ತರಂಗವನ್ನು ಹಿಡಿಯುತ್ತದೆ. ಪ್ರಿ-ಆಂಪ್ಲಿಫೈಯರ್ ಬೇಕಾದ ಮೂಲವನ್ನು ಆರಿಸಿ, ದುರ್ಬಲ ಸಂಕೇತವನ್ನು ಹದಗೊಳಿಸುತ್ತದೆ. ಪವರ್ ಆಂಪ್ಲಿಫೈಯರ್ ಅದಕ್ಕೆ ಸ್ಪೀಕರನ್ನು ನುಡಿಸುವಷ್ಟು ಬಲವನ್ನು ಕೊಡುತ್ತದೆ. ಮೂರೂ ಒಂದೇ ಪೆಟ್ಟಿಗೆಯಲ್ಲಿದ್ದರೆ ರಿಸೀವರ್. ಬೇರೆಬೇರೆಯಾಗಿದ್ದರೆ ಬಿಡಿ ಯಂತ್ರಗಳು. ವ್ಯಾಕರಣದ ಮಾತಿನಲ್ಲಿ ಒಂದು ಸಮಸ್ತಪದ, ಮತ್ತೊಂದು ವಿಗ್ರಹವಾಕ್ಯ. ಅರ್ಥ ಒಂದೇ, ವಿಸ್ತಾರ ಬೇರೆ.

ಬಿಡಿ ಯಂತ್ರಗಳ ಗುಣಗಳು ಎರಡು. ಸೂಕ್ಷ್ಮ ಸಂಕೇತವು ದೊಡ್ಡ ಟ್ರಾನ್ಸ್‌ಫಾರ್ಮರಿನ ಉಪದ್ರವದಿಂದ ದೂರವಿರುತ್ತದೆ. ಒಂದು ಕೆಟ್ಟರೆ ಅದನ್ನಷ್ಟೇ ದುರಸ್ತಿಗೆ ಒಯ್ಯಬಹುದು. ದೋಷಗಳೂ ಇವೆ. ವೆಚ್ಚ ಹೆಚ್ಚು, ಸ್ಥಳ ಹೆಚ್ಚು, ತಂತಿಗಳೂ ಹೆಚ್ಚು. ಭೂಸಂಪರ್ಕದ ಜೋಡಣೆ ತಪ್ಪಿದರೆ ಗಾಯನದ ಹಿಂದೆ ಗುಂಯ್ ಎಂಬ ನಾದವು ನಿರಂತರವಾಗಿ ಕೇಳುತ್ತದೆ. ರಿಸೀವರಿನಲ್ಲಿ ಈ ತೊಡಕು ಕಡಿಮೆ. ಆದರೆ ಒಂದು ಭಾಗ ಕೆಟ್ಟರೆ ಇಡೀ ಪೆಟ್ಟಿಗೆಯೇ ಮನೆಯಿಂದ ಹೊರಡಬೇಕು.

ವ್ಯಾಟುಗಳ ಸಂಖ್ಯೆಗೆ ಮರುಳಾಗುವುದು ತರವಲ್ಲ. 50 ವ್ಯಾಟನ್ನು 100 ಮಾಡಿದರೆ ಧ್ವನಿಯು ಹೆಚ್ಚುವುದು ಕೇವಲ 3 ಡೆಸಿಬೆಲ್. ಕಿವಿಗೆ ಇಮ್ಮಡಿಯಾಗಿ ತೋರಲು ಸುಮಾರು ಹತ್ತು ಪಟ್ಟು ಬಲ ಬೇಕು. 30×40 ಅಡಿಯ ನಿವೇಶನದ ಮನೆಯ ನಡುಕೋಣೆಯಲ್ಲಿ ಹಿತವಾಗಿ ಕೇಳಲು ಕೆಲವೇ ವ್ಯಾಟುಗಳು ಸಾಕಾಗುತ್ತವೆ. ನುಡಿಯ ಸ್ಪಷ್ಟತೆಯನ್ನು ಬಹುಮಟ್ಟಿಗೆ ನಿರ್ಣಯಿಸುವುದು ಸ್ಪೀಕರ್ ಮತ್ತು ಕೋಣೆ. ಬರಿಯ ಗೋಡೆ, ನುಣುಪಾದ ನೆಲಗಳಿರುವಲ್ಲಿ ಪ್ರತಿಧ್ವನಿಯು ಅಕ್ಷರವನ್ನು ನುಂಗುತ್ತದೆ. ಜಮಖಾನೆ, ಪರದೆ, ಪುಸ್ತಕದ ಕಪಾಟುಗಳು ಅದನ್ನು ತಡೆಯುತ್ತವೆ.

ಕೊಳ್ಳುವ ಮುನ್ನ ಮೂರನ್ನು ಪರೀಕ್ಷಿಸಬೇಕು. ಒಂದು, ಗ್ರಾಮಫೋನ್ ಸೂಜಿಯಿಂದ ಬರುವ ಸಂಕೇತವು ಸಾಮಾನ್ಯವಾಗಿ ಕೆಲವೇ ಮಿಲಿವೋಲ್ಟ್. ಅದಕ್ಕೆ ಫೋನೋ ಎಂಬ ಪ್ರತ್ಯೇಕ ಪ್ರವೇಶ ಬೇಕು, ಈಗಿನ ಹಲವು ರಿಸೀವರುಗಳಲ್ಲಿ ಅದಿಲ್ಲ. ಎರಡು, ಅಮೆರಿಕದಿಂದ ಬಂಧುಗಳು ತಂದ ಯಂತ್ರವು 120 ವೋಲ್ಟಿನದಾಗಿದ್ದರೆ ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದೊಡನೆ ಸುಟ್ಟುಹೋಗಬಹುದು. ಮೂರು, ಅಲ್ಲಿಯ ಟ್ಯೂನರ್ ಮಧ್ಯಮ ತರಂಗದಲ್ಲಿ 10 ಕಿಲೋಹರ್ಟ್ಸ್‌ಗಳ ಹೆಜ್ಜೆಯಿಡುತ್ತದೆ, ನಮ್ಮಲ್ಲಿ ಹೆಜ್ಜೆ 9. ಆದುದರಿಂದ ಬೆಂಗಳೂರು ಆಕಾಶವಾಣಿಗೆ ನಿಗದಿಯಾದ 612ರಲ್ಲಿ ಅದು ಸರಿಯಾಗಿ ನಿಲ್ಲಲಾರದು.

ನಿರ್ಣಯವಿಷ್ಟು: ಸಾಧಾರಣ ಗೃಹಸ್ಥನಿಗೆ ಫೋನೋ ಪ್ರವೇಶವುಳ್ಳ ಒಳ್ಳೆಯ ರಿಸೀವರೇ ಯುಕ್ತ. ಅದರಲ್ಲಿ ಪ್ರಿ-ಔಟ್ ಎಂಬ ಹೊರದಾರಿಯೂ ಇದ್ದರೆ ಮುಂದೆ ಪವರ್ ಆಂಪ್ಲಿಫೈಯರನ್ನು ಸೇರಿಸಿಕೊಳ್ಳಬಹುದು. ಉಳಿದ ಹಣವು ಸ್ಪೀಕರಿಗೆ ಸಲ್ಲಲಿ. ದೊಡ್ಡ ಕೋಣೆ, ಹೆಚ್ಚು ಬಲ ಬೇಡುವ ಸ್ಪೀಕರ್, ಜೋಡಣೆಯ ತಿಳಿವಳಿಕೆ ಇವು ಮೂರೂ ಇದ್ದವರಿಗೆ ಬಿಡಿ ಯಂತ್ರಗಳು ಸಾರ್ಥಕ. ಯಾವುದನ್ನೇ ಆರಿಸಿದರೂ ಒರೆಗಲ್ಲು ಒಂದೇ: ಪರಿಚಿತವಾದ ವಚನವೊಂದನ್ನು ಮೆಲುದನಿಯಲ್ಲಿ ನುಡಿಸಿದಾಗ ಪ್ರತಿಯೊಂದು ಪದವೂ ಮನೆಯ ಹಿರಿಯರಿಗೂ ಕಿರಿಯರಿಗೂ ತಿಳಿಯಬೇಕು.