ಕಿವಿ ನರದ ಗಡ್ಡೆ ತೆಗೆಸಿಕೊಂಡ ಮೇಲೆ: ಸ್ಕ್ಯಾನ್ ಗೊಂದಲ, ನಡಿಗೆಯ ತೂರಾಟ

ಅಕೌಸ್ಟಿಕ್ ನ್ಯೂರೋಮಾ ಒಳಕಿವಿಯಿಂದ ಮೆದುಳಿಗೆ ಹೋಗುವ ಎಂಟನೇ ಕಪಾಲ ನರದ ಹೊದಿಕೆಯಲ್ಲಿ ಬೆಳೆಯುವ ಗಡ್ಡೆ. ಇದು ಕ್ಯಾನ್ಸರ್ ಅಲ್ಲ. ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೆ ಸ್ಕ್ಯಾನ್ ವರದಿ ಅಸ್ಪಷ್ಟವಾಗಿದ್ದು, ನಡೆಯುವಾಗ ತೂರಾಟವೂ ಇದ್ದರೆ ಮನೆಯವರು ಎರಡನ್ನೂ ಗಂಟು ಹಾಕಿ ‘ಗಡ್ಡೆ ಮತ್ತೆ ಬಂತು’ ಎಂದುಕೊಳ್ಳುತ್ತಾರೆ. ಬಹುತೇಕ ಎರಡರ ಕಾರಣವೂ ಬೇರೆ ಬೇರೆ.

ಮೊದಲು ಸ್ಕ್ಯಾನ್. ಗ್ಯಾಡೋಲಿನಿಯಂ ಕಾಂಟ್ರಾಸ್ಟ್ ಕೊಟ್ಟು ತೆಗೆದ ಎಂಆರ್‌ಐನಲ್ಲಿ ಗಡ್ಡೆಯಂತೆಯೇ ಗಾಯ ಮಾಗಿದ ಜಾಗವೂ ಬೆಳ್ಳಗೆ ಹೊಳೆಯುತ್ತದೆ. ಕಿವಿಯ ಎಲುಬಿನ ಕಾಲುವೆಯ ಉದ್ದಕ್ಕೂ ತೆಳು ಗೆರೆಯಂತೆ ಕಾಣುವ ಹೊಳಪು ಸಾಮಾನ್ಯವಾಗಿ ನಿರುಪದ್ರವಿ. ಗಂಟಿನಂತೆ ಉಬ್ಬಿ, ಮುಂದಿನ ಸ್ಕ್ಯಾನ್‌ಗಳಲ್ಲಿ ದೊಡ್ಡದಾಗುವ ಹೊಳಪಿನ ಮೇಲೆ ಕಣ್ಣಿಡಬೇಕು. ಹೊಟ್ಟೆಯ ಕೊಬ್ಬನ್ನು ಖಾಲಿ ಜಾಗಕ್ಕೆ ತುಂಬಿದ್ದರೆ ಅದೂ ಹೊಳೆಯುತ್ತದೆ. ಕೊಬ್ಬಿನ ಹೊಳಪು ಅಡಗಿಸುವ ವಿಧಾನದಲ್ಲೂ ಚಿತ್ರ ತೆಗೆಯಬೇಕಾಗುತ್ತದೆ.

ಹೆಚ್ಚಿನವರು ಎಡವುವುದು ಹಳೆಯ ಚಿತ್ರಗಳ ವಿಷಯದಲ್ಲಿ. ಎರಡು ಪುಟದ ವರದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿ, ಸಿಡಿಯನ್ನು ಎಲ್ಲೋ ಕಳೆದುಬಿಡುತ್ತಾರೆ. ಹೊಸ ವರದಿಯಲ್ಲಿ ‘ಹೋಲಿಕೆಗೆ ಹಿಂದಿನ ಚಿತ್ರ ಲಭ್ಯವಿಲ್ಲ’ ಎಂಬ ಸಾಲು ಬೀಳುವುದು ಆಗಲೇ. ಬೆಳೆದಿದೆಯೇ ಎಂದು ಹೇಳಲು ಮೊದಲಿನದು ಎದುರಿಗಿರಬೇಕು. ವರದಿಯ ಮಾತುಗಳಿಂದ ಅಳತೆ ತೆಗೆಯಲಾಗದು. ಶಸ್ತ್ರಚಿಕಿತ್ಸೆಗೆ ಮುಂಚಿನ ಸಿಡಿ, ಅನಂತರದ ಮೊದಲ ಸಿಡಿ, ಡಿಸ್ಚಾರ್ಜ್ ಸಮ್ಮರಿ, ಈ ಮೂರನ್ನೂ ಪ್ರತಿ ಸಲ ಒಯ್ಯಬೇಕು. ಮುಖದ ನರವನ್ನು ಉಳಿಸಲು ಗಡ್ಡೆಯ ತುಣುಕೊಂದನ್ನು ಬೇಕೆಂದೇ ಬಿಟ್ಟಿದ್ದರೆ, ಕೊಬ್ಬು ತುಂಬಿದ್ದರೆ ಅದು ಸಮ್ಮರಿಯಲ್ಲಿರಬೇಕು. ಇಲ್ಲದಿದ್ದರೆ ಶಸ್ತ್ರಚಿಕಿತ್ಸಕರಿಂದ ಬರೆಸಿಕೊಳ್ಳಬೇಕು. ಸಾಧ್ಯವಿದ್ದಷ್ಟೂ ಒಂದೇ ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಅಗ್ಗವೆಂದು ಸಲಕ್ಕೊಂದು ಕೇಂದ್ರ ಹುಡುಕುವುದು ಕೊನೆಗೆ ದುಬಾರಿಯೇ. ಮೂತ್ರಪಿಂಡದ ತೊಂದರೆಯಿದ್ದರೆ ಕಾಂಟ್ರಾಸ್ಟ್‌ಗೆ ಮೊದಲೇ ತಿಳಿಸಬೇಕು. ಅಸ್ಪಷ್ಟ ಚಿತ್ರ ಬಂದಾಗ ವೈದ್ಯರು ‘ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ’ ಎನ್ನುವುದು ಉಪೇಕ್ಷೆಯಲ್ಲ. ನಿಧಾನವಾಗಿ ಬೆಳೆಯುವ ಗಡ್ಡೆಯನ್ನು ಅಳೆಯುವ ದಾರಿಯೇ ಅದು.

ಇನ್ನು ತೂರಾಟ. ಗಡ್ಡೆಯೊಂದಿಗೆ ಆ ಬದಿಯ ಸಮತೋಲನ ನರವೂ ಸಾಮಾನ್ಯವಾಗಿ ಹೋಗುತ್ತದೆ. ಉಳಿದ ಕಿವಿ, ಕಣ್ಣು ಮತ್ತು ಪಾದಗಳ ಸುಳಿವಿನಿಂದ ಮೆದುಳು ಹೊಸದಾಗಿ ನಡಿಗೆ ಕಲಿಯಬೇಕು. ಮಲಗಿಯೇ ಇದ್ದರೆ ಕಲಿಕೆ ತಡವಾಗುತ್ತದೆ; ತಲೆಸುತ್ತಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೂ ಅಷ್ಟೇ. ತೋಳು ಚಾಚಿ ಹಿಡಿದ ಹೆಬ್ಬೆರಳಿನ ಮೇಲೆ ನೋಟ ನೆಟ್ಟು ತಲೆಯನ್ನು ಎಡಬಲಕ್ಕೆ ಆಡಿಸುವಂಥ ವ್ಯಾಯಾಮಗಳನ್ನು ಫಿಸಿಯೊಥೆರಪಿಸ್ಟ್ ಬಳಿ ಕಲಿತು ದಿನವೂ ಮಾಡಬೇಕು. ಆಗ ತುಸು ಸುತ್ತಿದಂತಾಗುವುದು ಸಹಜ. ಕತ್ತಲಲ್ಲಿ, ಉಬ್ಬುತಗ್ಗಿನ ದಾರಿಯಲ್ಲಿ, ಕಣ್ಣು ಮುಚ್ಚಿ ತಲೆಗೆ ನೀರು ಹಾಕಿಕೊಳ್ಳುವಾಗ ಬೀಳುವ ಭಯ ಹೆಚ್ಚು. ಬಚ್ಚಲಲ್ಲಿ ಸ್ಟೂಲ್ ಇಟ್ಟು ಕೂತೇ ಸ್ನಾನ ಮಾಡಲಿ. ವೈದ್ಯರು ಹೇಳುವವರೆಗೆ ಸ್ಕೂಟರ್ ಬೇಡ.

ಬಗ್ಗಿದಾಗ ಮೂಗಿನಿಂದ ತಿಳಿನೀರು ಸುರಿದರೆ, ಜ್ವರದೊಂದಿಗೆ ಕತ್ತು ಬಿಗಿದರೆ, ಸುಧಾರಿಸಿದ್ದ ನಡಿಗೆ ಮತ್ತೆ ಕೆಟ್ಟರೆ ಮುಂದಿನ ಸ್ಕ್ಯಾನ್ ದಿನಾಂಕಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.