ಇಂಗ್ಲಿಷ್ ಪತ್ರಗಳಲ್ಲಿ ಸರ್ವನಾಮಗಳ ಸರಿಯಾದ ರೂಪ: ಸದಸ್ಯರಿಗೆ ಒಂದು ಪಾಠ

ಗ್ರಾಮ ಪಂಚಾಯಿತಿಯ ನಡಾವಳಿ ಹಾಗೂ ಠರಾವುಗಳ ಭಾಷೆ ಕನ್ನಡ. ಆದರೆ ಉಕ್ಕಿನ ಕಾರ್ಖಾನೆಯೂ ರೈಲ್ವೆ ಜಂಕ್ಷನ್ನೂ ಇರುವ ಸಂಡೂರು ತಾಲ್ಲೂಕಿನ ತೋರಣಗಲ್ಲಿನಂತಹ ಕಡೆಗಳಲ್ಲಿ ರಸ್ತೆಯ ಧೂಳು, ಕುಡಿಯುವ ನೀರು, ಚರಂಡಿ ಮುಂತಾದ ವಿಷಯಗಳ ಬಗ್ಗೆ ಕಂಪನಿಗಳಿಗೂ ರೈಲ್ವೆಗೂ ಇಂಗ್ಲಿಷಿನಲ್ಲಿ ಬರೆಯುವ ಸಂದರ್ಭಗಳುಂಟು. ಅಂತಹ ಪತ್ರದಲ್ಲಿ ಒಂದು ಸರ್ವನಾಮ ತಪ್ಪಿದರೆ ಹೊಣೆಯೇ ಬದಲಾದೀತು. ಆದ್ದರಿಂದ ಕೆಳಗಿನ ಅಂಶಗಳನ್ನು ಸದಸ್ಯರು ಗಮನಿಸುವುದು ಒಳಿತು.

1. ‘ಅವರು’ ಎಂಬ ಪದ

ಕನ್ನಡದ ‘ಅವರು’ ಒಬ್ಬರಿಗೂ ಸಲ್ಲುತ್ತದೆ, ಹಲವರಿಗೂ ಸಲ್ಲುತ್ತದೆ; ಪುರುಷ, ಮಹಿಳೆ ಎಂಬ ಭೇದವನ್ನು ತೋರುವುದಿಲ್ಲ. ಇಂಗ್ಲಿಷಿನಲ್ಲಿ ಗೌರವಾರ್ಥಕ ಬಹುವಚನವಿಲ್ಲ. ಒಬ್ಬ ಪುರುಷನಿಗೆ ‘ಹಿ’, ಒಬ್ಬ ಮಹಿಳೆಗೆ ‘ಶಿ’, ಹಲವರಿಗೆ ‘ದೇ’ ಎಂದೇ ಬರೆಯಬೇಕು. ವ್ಯಕ್ತಿ ಪುರುಷರೋ ಮಹಿಳೆಯೋ ತಿಳಿಯದಿದ್ದಾಗ ಒಬ್ಬರಿಗೂ ‘ದೇ’ ಬಳಸುವ ರೂಢಿಯುಂಟು.

ಉದಾಹರಣೆಗೆ: ‘ಅಧ್ಯಕ್ಷರು ಮತ್ತು ಕಂಪನಿಯ ಎಂಜಿನಿಯರ್ ಸ್ಥಳ ಪರಿಶೀಲಿಸಿದರು. ದುರಸ್ತಿಯ ವೆಚ್ಚ ಭರಿಸಲು ಅವರು ಒಪ್ಪಿದರು.’ ಒಪ್ಪಿದವರು ಎಂಜಿನಿಯರ್ ಮಾತ್ರ ಎಂದಿಟ್ಟುಕೊಳ್ಳೋಣ. ಇಲ್ಲಿ ‘ದೇ’ ಎಂದು ಬರೆದರೆ ವೆಚ್ಚದ ಪಾಲು ಪಂಚಾಯಿತಿಯ ಮೇಲೂ ಬೀಳುತ್ತದೆ. ಅಧ್ಯಕ್ಷರೂ ಎಂಜಿನಿಯರೂ ಇಬ್ಬರೂ ಪುರುಷರಾದರೆ ‘ಹಿ’ ಎಂದರೂ ಅರ್ಥ ಸ್ಪಷ್ಟವಾಗದು. ಸಂದೇಹವಿದ್ದಲ್ಲಿ ಸರ್ವನಾಮವನ್ನು ಬಿಟ್ಟು ಪದನಾಮವನ್ನೇ ಮತ್ತೊಮ್ಮೆ ಬರೆಯುವುದು ಕ್ಷೇಮ.

ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು. ಹಳೆಯ ಪತ್ರದ ಮಾದರಿಯನ್ನು ನಕಲು ಮಾಡುವಾಗ ಅಧ್ಯಕ್ಷೆಯ ಕುರಿತು ‘ಹಿ’, ‘ಹಿಸ್’ ಎಂದು ಉಳಿದುಬಿಡಬಾರದು. ‘ಶಿ’, ‘ಹರ್’ ಎಂದಿರಬೇಕು.

2. ವಿಭಕ್ತಿಗೆ ತಕ್ಕ ರೂಪ

ಕರ್ತೃವಾದಾಗ: ಐ, ವಿ, ಹಿ, ಶಿ, ದೇ.
‘ಅನ್ನು’, ‘ಗೆ’ ಅರ್ಥದಲ್ಲಿ: ಮಿ, ಅಸ್, ಹಿಮ್, ಹರ್, ದೆಮ್.
ಷಷ್ಠಿಯಲ್ಲಿ: ಮೈ, ಅವರ್, ಹಿಸ್, ಹರ್, ದೇರ್.

ಆದರೆ ಕನ್ನಡದ ‘ಗೆ’ ಪ್ರತ್ಯಯವನ್ನು ಕುರುಡಾಗಿ ಅನುಸರಿಸಬಾರದು. ‘ನಮಗೆ ನೀರು ಬೇಕು’ ಎಂಬಲ್ಲಿ ‘ನಮಗೆ’ ಚತುರ್ಥಿಯಾದರೂ ಇಂಗ್ಲಿಷಿನಲ್ಲಿ ಅದು ಕರ್ತೃವಾಗಿ ‘ವಿ ನೀಡ್ ವಾಟರ್’ ಎಂದಾಗುತ್ತದೆ. ‘ನಮಗೆ ನೀರು ಕೊಡಿ’ ಎಂಬುದು ‘ಗಿವ್ ಅಸ್ ವಾಟರ್’ ಎಂದಾಗುತ್ತದೆ.

ಇಬ್ಬರ ಹೆಸರು ಜೊತೆಗೂಡಿದಾಗ ಒಬ್ಬರನ್ನು ತೆಗೆದು ಓದಿ ನೋಡಬೇಕು. ‘ಪತ್ರವನ್ನು ಕಾರ್ಯದರ್ಶಿಗೂ ನನಗೂ ಕಳುಹಿಸಿ’ ಎಂಬಲ್ಲಿ ಕಾರ್ಯದರ್ಶಿಯನ್ನು ತೆಗೆದರೆ ಉಳಿಯುವುದು ‘ಟು ಮಿ’. ಆದ್ದರಿಂದ ‘ಟು ದ ಸೆಕ್ರೆಟರಿ ಅಂಡ್ ಮಿ’ ಸರಿ. ‘ಅಂಡ್ ಐ’ ತಪ್ಪು.

3. ಸಂಸ್ಥೆಗೆ ‘ಇಟ್’

ಪಂಚಾಯಿತಿ ಒಂದು ಸಂಸ್ಥೆಯಾದ್ದರಿಂದ ಅದಕ್ಕೆ ‘ಇಟ್’ ಸಲ್ಲುತ್ತದೆ. ‘ಅದರ’ ಎಂಬರ್ಥದ ‘ಇಟ್ಸ್’ ಪದದಲ್ಲಿ ಎಸ್ ಅಕ್ಷರದ ಹಿಂದೆ ಮೇಲ್ಗಡೆಯ ಅಲ್ಪವಿರಾಮ ಬರುವುದಿಲ್ಲ. ಆ ಚಿಹ್ನೆ ಇದ್ದರೆ ಅರ್ಥ ‘ಇಟ್ ಈಸ್’ ಎಂದಾಗುತ್ತದೆ.

ಸಹಿ ಮಾಡುವ ಮುನ್ನ ಪತ್ರದ ಪ್ರತಿಯೊಂದು ಸರ್ವನಾಮದ ಬಳಿ ನಿಂತು ‘ಇದು ಯಾರು? ಎಷ್ಟು ಮಂದಿ?’ ಎಂದು ಕೇಳಿಕೊಳ್ಳಬೇಕು. ಇಂಗ್ಲಿಷ್ ಬಾರದ ಸದಸ್ಯರು ಪತ್ರದ ಕನ್ನಡ ಅರ್ಥವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ ಓದಿಸಿ ಕೇಳಲು ಸಂಕೋಚಪಡಬೇಕಾಗಿಲ್ಲ. ಸಹಿ ಯಾರದೋ ಹೊಣೆಯೂ ಅವರದೇ.